ವೆಣ್ಣಾ ಕೆರೆಯ ದಂಡೆಯಲ್ಲಿ ಅಕ್ಕನ ಐಸ್ ಕೋಲು

ಗುರುವಾರ, ಪುಣೆ

ಚಳಿಗಾಲ ಬಂತೆಂದರೆ ಇಲ್ಲಿನ ಮರಾಠಿ ಪೇಪರುಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಮಹಾಬಳೇಶ್ವರದ ವೆಣ್ಣಾ ಕೆರೆಯ ದಂಡೆ, ಅಲ್ಲಿ ನಿಂತ ಯಾರದೋ ಕಾರು, ಕಾರಿನ ಮೇಲೆ ಬೆಳ್ಳಗೆ ಗಟ್ಟಿಯಾದ ಇಬ್ಬನಿ, ಅದರಲ್ಲಿ ಬೆರಳಿನಿಂದ ಗೀಚಿದ ಒಂದು ಹೆಸರು. ಈ ಜನವರಿಯಲ್ಲಿ ಅಕ್ಕ ಆ ಫೋಟೊವನ್ನು ಮುಂಬೈಯ ಮಾಟುಂಗಾದಿಂದ ನನಗೆ ವಾಟ್ಸಾಪ್ ಮಾಡಿ ಕೆಳಗೆ ಬರೆದಿದ್ದಳು: ‘ಅಲ್ಲಿ ಐಸ್ ಕೋಲು ಸಿಗಬಹುದೇನೋ? ಹೋಗೂಣು ನಡಿ.’

ಐಸ್ ಕೋಲಿನ ಕಥೆ ಸ್ವಲ್ಪ ಹೇಳಬೇಕು. ಅಪ್ಪ ಮಿಲಿಟರಿಯಲ್ಲಿದ್ದರು. ಜಮಖಂಡಿ ಕಡೆಯ ಬಿಸಿಲಿನ ನಮ್ಮನ್ನು ಆ ನೌಕರಿ ಎಂಬತ್ತರ ದಶಕದಲ್ಲಿ ಶ್ರೀನಗರದ ಬಾದಾಮಿಬಾಗ್ ಕಂಟೋನ್ಮೆಂಟಿಗೆ ಒಯ್ದು ಹಾಕಿತು. ತಗಡಿನ ಇಳಿಜಾರು ಮಾಡಿನ ಕ್ವಾರ್ಟರ್ಸು. ಚಳಿಗಾಲದಲ್ಲಿ ಆ ಮಾಡಿನ ಅಂಚಿನುದ್ದಕ್ಕೂ ಐಸಿನ ಕೋಲುಗಳು ಇಳಿಬೀಳುತ್ತಿದ್ದವು. ಕಾಶ್ಮೀರಿ ಹುಡುಗರು ಶಿಶರಗಾಂಠ್ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಐಸ್ ಕೋಲು. ಅಲ್ಲಿ ಶಾಲೆಗೆ ದೊಡ್ಡ ರಜೆ ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’ ಅನ್ನುವ ಕಡು ಚಳಿ, ಅದರ ಹಿಂದೆ 20 ದಿನ, ಮತ್ತೆ 10 ದಿನ ಸಣ್ಣ ಚಳಿಗಳು. ಅಷ್ಟೂ ದಿನ ನಾವು ಮನೆಯಲ್ಲೇ. 1986ರಲ್ಲಂತೂ ದಾಲ್ ಸರೋವರವೇ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆದಾಡಿದ್ದರು.

ಆ ವರ್ಷ ನಮ್ಮ ಮಾಡಿಗೆ ಜೋತುಬಿದ್ದ ಒಂದು ಕೋಲಿನ ಉದ್ದದ ಬಗ್ಗೆ ನಮ್ಮಿಬ್ಬರ ಜಗಳ ಇವತ್ತಿಗೂ ಮುಗಿದಿಲ್ಲ. ಅಕ್ಕನ ಪ್ರಕಾರ ಅದು ಅವಳಿಗಿಂತ ಉದ್ದ, ನೆಲ ಮುಟ್ಟುವುದೊಂದೇ ಬಾಕಿ. ನನ್ನ ಪ್ರಕಾರ ನನ್ನ ಕ್ರಿಕೆಟ್ ಬ್ಯಾಟಿನಷ್ಟು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ತೀರ್ಪು ಕೊಡುವವರು ಯಾರೂ ಉಳಿದಿಲ್ಲ.

ರೈಲು, ರೂಮು ಬುಕ್ಕಿಂಗಿನ ಪುರಾಣ ಬೇಡ. ಬೆಳಿಗ್ಗೆ ಶಿವಾಜಿನಗರ ಸ್ಟೇಷನ್ನಿನಲ್ಲಿ ಇಳಿದ ಅಕ್ಕನ ಮೈಮೇಲೆ ಎರಡು ಸ್ವೆಟರ್, ತಲೆಗೆ ಮಫ್ಲರ್. ಮುಂಬೈಯವರಿಗೆ ಪುಣೆಯ ಚಳಿಯೂ ಚಳಿಯೇ. ಮನೆಗೆ ಹೋಗುವ ದಾರಿಯಲ್ಲಿ ಸಿಗ್ನಲ್ ಬಿದ್ದಾಗ ಅವಳು ಬೋರ್ಡು ಓದಿ ನಕ್ಕಳು: ಸಿಮ್ಲಾ ಆಫೀಸ್ ಚೌಕ. ಇದು ತಮಾಷೆಯಲ್ಲ. ಹವಾಮಾನ ಇಲಾಖೆಯ ಮುಖ್ಯ ಕಚೇರಿ ಮೊದಲು ಸಿಮ್ಲಾದಲ್ಲಿತ್ತು. 1928ರಲ್ಲಿ ಅದನ್ನು ಪುಣೆಗೆ ತಂದರು. ಆಮೇಲೆ ಮುಖ್ಯ ಕಚೇರಿ ದೆಹಲಿಗೆ ಹೋದರೂ ಕಲ್ಲಿನ ಕಟ್ಟಡಕ್ಕೆ ಜನ ಇಟ್ಟ ಹೆಸರು ಹಾಗೇ ಉಳಿಯಿತು. ಪುಣೆಯಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1.7 ಡಿಗ್ರಿ, 1935ರ ಜನವರಿ 17ರಂದು. ‘ಅವತ್ತು ಇಲ್ಲೇ ಹುಲ್ಲಿನ ಮೇಲೆ ಐಸ್ ಆಗಿರಬೇಕು’ ಅಂದೆ. ‘ಹುಲ್ಲಿನ ಮ್ಯಾಲಿಂದು ಏನ್ ಮಾಡ್ಲಿ? ನನಗ ಕೋಲು ಬೇಕು’ ಅಂದಳು.

ಸಂಜೆ ಊರಾಚೆಯ ಒಂದು ಹೊಲಕ್ಕೆ ಹುರ್ಡಾ ತಿನ್ನಲು ಹೋದೆವು. ನಮ್ಮ ಕಡೆಯ ಸೀತನಿಯೇ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಉಫ್ ಅಂತ ಊದಿ ಕೊಡುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಮೊಸರು, ಬೆಲ್ಲ. ಈಗ ಇದಕ್ಕೆ ಪುಣೆಯ ಸುತ್ತ ಟಿಕೆಟ್ ಇದೆ, ಎತ್ತಿನ ಗಾಡಿ ಸವಾರಿ ಇದೆ, ಲೌಡ್‌ಸ್ಪೀಕರ್ ಕೂಡ ಇದೆ. ಸುಮ್ನೆ ಸೀತನಿ ತಿನ್ನಬೇಕು ಅನ್ನುವವರು ವಾರದ ನಡುವೆ ಹೋಗಬೇಕು. ನಾವು ಹೋದಾಗ ಜನ ಕಡಿಮೆ ಇದ್ದರು. ತೆನೆ ತಿಕ್ಕುತ್ತಿದ್ದ ಅಜ್ಜಿ ಅಕ್ಕನ ಸ್ವೆಟರ್ ನೋಡಿ, ‘ಮಗಾ, ನಾಳೆ ಮಹಾಬಳೇಶ್ವರಕ್ಕೆ ಹಾಕಿಕೊಳ್ಳೋಕೆ ಏನಾದರೂ ಉಳಿಸಿಕೋ’ ಅಂತ ಮರಾಠಿಯಲ್ಲಿ ಹೇಳಿದಳು.

ಶುಕ್ರವಾರ, ವಾಯಿಯಿಂದ ಪಂಚಗಣಿಗೆ

ಪುಣೆಯಿಂದ ಮಹಾಬಳೇಶ್ವರ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟರೆ ಕಾತ್ರಜ್ ಸುರಂಗ ಖಾಲಿ ಸಿಗುತ್ತದೆ. ಎಂಟಕ್ಕೆ ಹೊರಟರೆ ಅಲ್ಲೇ ಅರ್ಧ ದಿನ. ಶಿರವಳ ದಾಟುವವರೆಗೂ ಮಂಜು ಕವಿದಿತ್ತು. ಖಂಬಾಟ್ಕಿ ಘಾಟಿ ಹತ್ತುವಾಗ ಲಾರಿಗಳು ಉಸಿರು ಬಿಡುತ್ತಾ ಏರುತ್ತಿದ್ದವು. ಮೇಲೆ ಬಂದಾಗ ಬಿಸಿಲು. ಸುರೂರ್ ಫಾಟಾದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ದಾರಿಯ ಗುಣವೇ ಬೇರೆ. ಎರಡೂ ಕಡೆ ಕಬ್ಬು, ಆಲದ ಮರ, ಗಾಡಿಯ ಮುಂದೆ ಆಡು.

ವಾಯಿಯಲ್ಲಿ ಕೃಷ್ಣಾ ನದಿಯ ಘಾಟಿನ ಮೇಲೆ ಢೋಲ್ಯಾ ಗಣಪತಿ. ಪೇಶ್ವೆ ಕಾಲದ ರಾಸ್ತೆ ಮನೆತನದವರು ಕಟ್ಟಿಸಿದ ಗುಡಿ. ಒಳಗೆ ಒಂದೇ ಕಲ್ಲಿನ ದೊಡ್ಡ ಹೊಟ್ಟೆಯ ಗಣಪ, ಅದಕ್ಕೇ ಆ ಹೆಸರು. ನನಗೆ ಇಷ್ಟವಾದದ್ದು ಗುಡಿಯ ಬೆನ್ನು. ಹಿಂದಿನ ಗೋಡೆಯನ್ನು ಚೂಪಾಗಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಬಂದರೆ ನೀರು ಗೋಡೆಗೆ ಅಪ್ಪಳಿಸದೆ ಎರಡಾಗಿ ಸೀಳಿ ಹೋಗುತ್ತದೆ. ಘಾಟಿನ ಮೆಟ್ಟಿಲಲ್ಲಿ ಹೆಂಗಸರು ಸಂಕ್ರಾಂತಿಗೆ ಹಾಸಿಗೆ, ಕೌದಿ ಒಗೆಯುತ್ತಿದ್ದರು. ಅಕ್ಕ ಕಾಲು ಇಳಿಬಿಟ್ಟು ಕೂತಳು. ನೀರು ಕೊರೆಯುತ್ತಿತ್ತು. ‘ಈ ನೀರು ನಮ್ಮ ಊರಿಗೆ ಹೋಗಿ ಮುಟ್ಟೂದರಾಗ ಬೆಚ್ಚಗ ಆಗಿರ್ತದ’ ಅಂದಳು. ನಿಜ. ಜಮಖಂಡಿ ಹತ್ತಿರದ ಹೊಳೆಯಲ್ಲಿ ಚಳಿಗಾಲದಲ್ಲೂ ನಾವು ಈಜುತ್ತಿದ್ದೆವು.

ನಾಷ್ಟಾ ಬಜಾರಿನಲ್ಲಿ ಮಿಸಳ್. ಕೆಂಪು ಎಣ್ಣೆಯ ರಸ ಎಷ್ಟು ಬೇಕಾದರೂ ಹಾಕುತ್ತಾರೆ, ಆದರೆ ಮುಂದೆ ಪಸರಣಿ ಘಾಟಿಯ ತಿರುವುಗಳಿವೆ ಅನ್ನುವುದನ್ನು ನೆನಪಿಡಬೇಕು. ಅಕ್ಕ ನೆನಪಿಡಲಿಲ್ಲ. ಅರ್ಧ ಘಾಟಿಯಲ್ಲಿ ಕಾರು ನಿಲ್ಲಿಸಬೇಕಾಯಿತು. ಅವಳು ನಿಂಬೆಹಣ್ಣು ಮೂಸುತ್ತಾ ನಿಂತಿದ್ದಷ್ಟು ಹೊತ್ತೂ ಕೆಳಗೆ ವಾಯಿ ಊರು, ಧೋಮ್ ಜಲಾಶಯದ ನೀಲಿ ನೀರು ಕಾಣುತ್ತಿತ್ತು. ಆ ಘಾಟಿಯ ಒಳ್ಳೇ ನೋಟ ಅದೇ. ಮಿಸಳ್ ಪುಣ್ಯ.

ಪಂಚಗಣಿಯಲ್ಲಿ ಉಳಿದೆವು. ಮಹಾಬಳೇಶ್ವರಕ್ಕಿಂತ ಇಲ್ಲಿ ರೂಮು ಅಗ್ಗ. ಬೆಳಗಿನ ಜಾವ ಎದ್ದರೆ ವೆಣ್ಣಾ ಕೆರೆಗೆ ಅರ್ಧ ಗಂಟೆಯ ದಾರಿ. ರಾತ್ರಿ ಊಟಕ್ಕೆ ಒಂದು ಸಣ್ಣ ಹೋಟೆಲಿಗೆ ಹೊಕ್ಕೆವು. ನಾವು ಕನ್ನಡದಲ್ಲಿ ಮೆನು ಬಗ್ಗೆ ವಾದ ಮಾಡುತ್ತಿದ್ದದ್ದು ಗಲ್ಲಾಪೆಟ್ಟಿಗೆಗೆ ಕೇಳಿಸಿತು. ‘ಹ್ವಾಯ್, ಕನ್ನಡದವ್ರಾ? ಎಲ್ಲಾಯ್ತ್ ಊರು?’ ಅಂತ ಮಾಲೀಕರೇ ಎದ್ದು ಬಂದರು. ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗ ಮುಂಬೈ ಹೋಟೆಲಿಗೆ ಸೇರಿ, ಅಲ್ಲಿಂದ ಇಲ್ಲಿನ ಒಂದು ಬೋರ್ಡಿಂಗ್ ಶಾಲೆಯ ಅಡುಗೆಮನೆಗೆ ಬಂದು, ಈಗ ಸ್ವಂತ ಹೋಟೆಲು. ಮೆನುವಿನಲ್ಲಿಲ್ಲದ ತಿಳಿಸಾರು ತರಿಸಿ ಕೊಟ್ಟರು. ಆ ಚಳಿಗೆ ಅದರ ಮುಂದೆ ಇನ್ಯಾವುದೂ ಇಲ್ಲ.

ನಾವು ಯಾಕೆ ಬಂದಿದ್ದೇವೆ ಅಂತ ಕೇಳಿದಾಗ ಅಕ್ಕ ಐಸ್ ಕೋಲಿನ ಕಥೆ ಪೂರ್ತಿ ಹೇಳಿದಳು. ಅವರು ಜೋರಾಗಿ ನಕ್ಕರು. ಅವರ ಬಾಲ್ಯದ ಐಸು ಗಂಗೊಳ್ಳಿ ಬಂದರಿನದು. ಐಸ್ ಪ್ಲಾಂಟಿನಿಂದ ದೊಡ್ಡ ದೊಡ್ಡ ಗಡ್ಡೆಗಳು ಬರುತ್ತಿದ್ದವು. ಅವನ್ನು ಒಡೆದು ಮೀನಿನ ಬುಟ್ಟಿಗೆ ತುಂಬುವಾಗ ಚೂರುಗಳು ನೆಲಕ್ಕೆ ಹಾರುತ್ತಿದ್ದವು. ಹುಡುಗರು ಅದಕ್ಕೇ ಕಾಯುತ್ತಿದ್ದರು. ‘ಚಡ್ಡಿಗ್ ಒರ್ಸಿ ಬಾಯಿಗ್ ಹಾಕೂದ್. ಮೀನ್ ವಾಸ್ನಿ ಬತ್ತಿತ್ತ್. ಆರೂ ಎಂಥಾ ರುಚಿ ಮಾರಾಯ್ರೆ!’

ನಮ್ಮ ಐಸಿಗೆ ಹೊಗೆಯ ವಾಸನೆ. ಇದರಲ್ಲಿ ಮಾತ್ರ ಅಕ್ಕನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಮನೆ ಬೆಚ್ಚಗಿಡಲು ಬುಖಾರಿ ಒಲೆ ಉರಿಯುತ್ತಿತ್ತು. ಅದರ ಹೊಗೆಕೊಳವೆಯ ಮಸಿ ಮಾಡಿನ ಹಿಮದ ಮೇಲೆಲ್ಲ ಕೂರುತ್ತಿತ್ತು. ನಲ್ಲಿಯ ಪೈಪು ಹೆಪ್ಪುಗಟ್ಟಿ ನೀರು ನಿಂತ ದಿನ ಅಮ್ಮ ನಮ್ಮನ್ನು ಬಕೆಟ್ ಕೊಟ್ಟು ಹೊರಗೆ ಕಳಿಸುತ್ತಿದ್ದಳು. ನಾವು ಕೋಲು ಮುರಿದು ತರುವುದು, ಅವಳು ಪಾತ್ರೆಯಲ್ಲಿ ಹಾಕಿ ಬುಖಾರಿಯ ಮೇಲೆ ಇಡುವುದು. ಬಕೆಟ್ ತುಂಬ ಐಸ್ ತಂದರೂ ಪಾತ್ರೆಯಲ್ಲಿ ನೀರು ಕಡಿಮೆಯೇ ಆಗುತ್ತಿತ್ತು. ತಳದಲ್ಲಿ ಕಪ್ಪು ಪುಡಿ ಕೂರುತ್ತಿತ್ತು. ಅಮ್ಮ ಅಪ್ಪನ ಹಳೆ ಧೋತರದ ತುಂಡಿನಲ್ಲಿ ಅದನ್ನು ಸೋಸಿ, ‘ಬ್ಯಾಳಿ ಬೇಸಾಕ ಅಡ್ಡಿಯಿಲ್ಲ, ಕುಡ್ಯಾಕ ಬ್ಯಾಡ’ ಅನ್ನುತ್ತಿದ್ದಳು. ನಾವು ಹೊರಗೇ ನಿಂತು ಚೀಪಿ ಬಂದಿರುತ್ತಿದ್ದೆವು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ ಅಂತೇನಿಲ್ಲ.

ರೂಮಿಗೆ ಬಂದ ಮೇಲೆ ಅಸಲಿ ಜಗಳ ಶುರುವಾಯಿತು. ಆ ಉದ್ದನೆಯ ಕೋಲು ಯಾವ ಕಡೆ ಇತ್ತು? ಮಲಗುವ ಕೋಣೆಯ ಕಿಟಕಿಯ ಮೇಲೆ ಅಂತ ನಾನು. ಅಡುಗೆಮನೆಯ ಹಿಂದೆ ಅಂತ ಅವಳು. ಐಸ್ ಕೋಲು ಬರೀ ಚಳಿಗೆ ಬೆಳೆಯುವುದಿಲ್ಲ. ಮೊದಲು ಹಿಮ ಕರಗಬೇಕು. ಬಿಸಿಲಿಗೋ, ಕೆಳಗಿನ ಮನೆಯ ಶಾಖಕ್ಕೋ ಮಾಡಿನ ಹಿಮ ಕರಗಿ, ನೀರು ಅಂಚಿಗೆ ಬಂದು, ಅಲ್ಲಿ ಹೊರಗಿನ ಚಳಿಗೆ ಸಿಕ್ಕಿ ಗಟ್ಟಿಯಾಗಬೇಕು. ಹನಿ ಕೋಲಿನ ಮೈಮೇಲೆ ಜಾರಿ ತುದಿಗೆ ಬಂದು ನಿಲ್ಲುತ್ತದೆ. ಅಲ್ಲೇ ಕೋಲು ಬೆಳೆಯುತ್ತದೆ. ಅಂದ ಮೇಲೆ ಹೆಚ್ಚು ಶಾಖ ಇದ್ದ ಕಡೆ ಹೆಚ್ಚು ಉದ್ದ. ಒಲೆ ಉರಿಯುತ್ತಿದ್ದದ್ದು ಅಡುಗೆಮನೆಯಲ್ಲಿ. ಈ ಲೆಕ್ಕದಲ್ಲಿ ಅಕ್ಕ ಗೆದ್ದಳು. ‘ಜಾಗ ನೀ ಹೇಳಿದ್ದೇ, ಉದ್ದ ನಾ ಹೇಳಿದ್ದೇ’ ಅಂತ ರಾಜಿ ಮಾಡಲು ನೋಡಿದೆ. ಒಪ್ಪಲಿಲ್ಲ.

ಇನ್ನೊಂದು ವಿಷಯ ನನಗೆ ಕೈಬೆರಳಿಗೇ ನೆನಪಿದೆ. ಆ ಕೋಲು ನುಣ್ಣಗಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಬಳೆ ತೊಟ್ಟ ಹಾಗೆ ಸುತ್ತು ಸುತ್ತು ಉಬ್ಬುಗಳು. ಕೋಲು ದಪ್ಪ ಇರಲಿ, ಸಣ್ಣ ಇರಲಿ, ಉಬ್ಬಿನಿಂದ ಉಬ್ಬಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಟೊರೊಂಟೊ ವಿಶ್ವವಿದ್ಯಾಲಯದವರು ಲ್ಯಾಬಿನಲ್ಲಿ ಇಂಥ ಕೋಲುಗಳನ್ನು ಬೆಳೆಸಿ ನೋಡಿದ್ದಾರೆ. ಶುದ್ಧ ನೀರಿನಿಂದ ಬೆಳೆಸಿದರೆ ಕೋಲು ನುಣ್ಣಗೆ ಬರುತ್ತದಂತೆ. ನೀರಿನಲ್ಲಿ ಚೂರು ಉಪ್ಪು ಬೆರೆತಿದ್ದರೂ ಉಬ್ಬುಗಳು ಏಳುತ್ತವೆ. ನಮ್ಮ ಮಾಡಿನ ನೀರು ಎಷ್ಟು ಶುದ್ಧವಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಶನಿವಾರ, ವೆಣ್ಣಾ ಕೆರೆ

ಬೆಳಗಿನ ಜಾವ ನಾಲ್ಕೂವರೆಗೆ ಎದ್ದರೆ ಬಿಸಿನೀರಿಲ್ಲ. ‘24 ಗಂಟೆ ಬಿಸಿನೀರು’ ಅಂತ ರಿಸೆಪ್ಷನ್ನಿನಲ್ಲಿ ಬೋರ್ಡಿತ್ತು. ವಿಚಾರಿಸಿದರೆ ಸೋಲಾರ್ ಅಂತೆ, ಒಂಬತ್ತರ ಮೇಲೆ ಬರುತ್ತದಂತೆ. ಅಕ್ಕ ತಣ್ಣೀರಿನಲ್ಲಿ ಮುಖ ತೊಳೆದು ಲಾಡ್ಜಿನವರನ್ನು ಅಚ್ಚ ಜಮಖಂಡಿ ಭಾಷೆಯಲ್ಲಿ ಬೈದಳು. ಹುಡುಗನಿಗೆ ಅರ್ಥವಾಗಲಿಲ್ಲ, ಆದರೂ ‘ಸಾರಿ ಮೇಡಂ’ ಅಂದ.

ಹಿಂದಿನ ಸಂಜೆ ಹೋಟೆಲಿನವರು ಆಕಾಶ ನೋಡಿಯೇ ಹೇಳಿದ್ದರು, ಮೋಡ ಇಲ್ಲ, ಗಾಳಿಯೂ ಇಲ್ಲ, ನಾಳೆ ಕಾಣುತ್ತದೆ ಅಂತ. ಇದೇ ಗುಟ್ಟು. ಮೊಬೈಲ್ ತೋರಿಸುವ ಡಿಗ್ರಿ ನಂಬಿ ರೂಮಿನಲ್ಲೇ ಮಲಗಬಾರದು. ನನ್ನ ಮೊಬೈಲಿನಲ್ಲಿ ಅವತ್ತು 8 ಡಿಗ್ರಿ ಇತ್ತು. ಎಂಟಕ್ಕೆ ನೀರು ಹೆಪ್ಪುಗಟ್ಟುತ್ತದಾ? ಗಟ್ಟುವುದಿಲ್ಲ. ಆದರೆ ಹವಾಮಾನದವರ ಥರ್ಮಾಮೀಟರ್ ನೆಲದಿಂದ ನಾಲ್ಕಡಿಗೂ ಮೇಲೆ, ಪೆಟ್ಟಿಗೆಯ ನೆರಳಿನಲ್ಲಿ ಇರುತ್ತದೆ. ಹುಲ್ಲು, ಎಲೆ, ಕಾರಿನ ತಗಡು ರಾತ್ರಿಯಿಡೀ ತಮ್ಮ ಶಾಖವನ್ನು ಬೋಳು ಆಕಾಶಕ್ಕೆ ಬಿಟ್ಟುಕೊಡುತ್ತವೆ, ಗಾಳಿಗಿಂತ ಎಷ್ಟೋ ಹೆಚ್ಚು ತಣ್ಣಗಾಗುತ್ತವೆ. ಜೊತೆಗೆ ತಣ್ಣನೆ ಗಾಳಿ ಭಾರ, ಗುಡ್ಡದಿಂದ ಜಾರಿ ಕೆರೆಯ ತಗ್ಗಿಗೆ ಬಂದು ಕೂರುತ್ತದೆ. ಪೇಟೆಯಲ್ಲಿ ಏನೂ ಇಲ್ಲದ ದಿನವೂ ವೆಣ್ಣಾ ದಂಡೆ ಬೆಳ್ಳಗಿರುವುದು ಇದಕ್ಕೇ.

ಬೆಳ್ಳಗಿತ್ತು. ಟಾರ್ಚ್ ಬೆಳಕಿಗೆ ಮೊದಲು ಸುಣ್ಣ ಚೆಲ್ಲಿದ್ದಾರೆ ಅಂದುಕೊಂಡೆ. ದೋಣಿ ಹತ್ತುವ ಕಟ್ಟೆಯ ಹಲಗೆಗಳ ಮೇಲೆ ತೆಳ್ಳಗೆ ಒಂದು ಪದರ, ಕಾಲಿಟ್ಟರೆ ಕರಕರ. ಅಕ್ಕ ಎರಡು ಹೆಜ್ಜೆ ಇಟ್ಟು ಜಾರಿ ಕೂತೇಬಿಟ್ಟಳು. ಪೆಟ್ಟಾಗಲಿಲ್ಲ, ಎರಡು ಸ್ವೆಟರ್ ಕೆಲಸಕ್ಕೆ ಬಂದವು. ಅಲ್ಲಿ ಕೂತೇ ಹಲಗೆಯನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡಳು. ಐವತ್ತು ದಾಟಿದ ಹೆಂಗಸು! ‘ಹೆಂಗದ?’ ಅಂದೆ. ‘ಡೀಸೆಲ್’ ಅಂತ ಉಗುಳಿದಳು.

ಪಕ್ಕದಲ್ಲಿ ಪುಣೆಯದೇ ಒಂದು ಕಾರಿನವರು ಗಾಜಿನ ಐಸ್ ಕರಗಿಸಲು ಫ್ಲಾಸ್ಕಿನ ಬಿಸಿನೀರು ಸುರಿಯಲು ಹೊರಟಿದ್ದರು. ದೋಣಿಯ ಹುಡುಗ ಓಡಿ ಬಂದು ತಡೆದ. ಗಾಜು ಬಿರುಕು ಬಿಡುತ್ತದೆ, ಹೀಟರ್ ಹಾಕಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ, ಇಲ್ಲ ಹಳೆ ಎಟಿಎಂ ಕಾರ್ಡಿನಿಂದ ಕೆರೆಯಿರಿ ಅಂದ. ಶ್ರೀನಗರದಲ್ಲಿ ಅಪ್ಪನ ಜೀಪಿನ ಡ್ರೈವರ್ ಕೂಡ ಬಿಸಿನೀರು ಹತ್ತಿರ ತರಲು ಬಿಡುತ್ತಿರಲಿಲ್ಲ.

ಕೋಲು ಹುಡುಕುತ್ತಾ ದಂಡೆಯುದ್ದಕ್ಕೂ ನಡೆದೆವು. ತಡಿಕೆ, ದೋಣಿಯ ಅಂಚು, ಚಹಾ ಅಂಗಡಿಯ ತಗಡು, ಎಲ್ಲ ಕಡೆ ಟಾರ್ಚ್ ಬಿಟ್ಟಳು. ಎಲ್ಲೂ ಇಲ್ಲ. ಇರುವ ಸಾಧ್ಯತೆಯೂ ಇರಲಿಲ್ಲ. ಇಲ್ಲಿ ಇಬ್ಬನಿ ಗಟ್ಟಿಯಾಗುತ್ತದೆ ಅಷ್ಟೆ, ತೊಟ್ಟಿಕ್ಕಿ ತೊಟ್ಟಿಕ್ಕಿ ಬೆಳೆಯಲು ಮೇಲೆ ಹಿಮದ ದಾಸ್ತಾನು ಎಲ್ಲಿದೆ?

ಬೆಳಕು ಹರಿಯುವಾಗ ಕೆರೆಯ ಆಚೆಯ ಸ್ಟ್ರಾಬೆರಿ ಹೊಲಕ್ಕೆ ಹೋದೆವು. ದಣಿ ಆಗಲೇ ಎದ್ದು ಪೈಪು ಹಿಡಿದು ಎಲೆಗಳ ಮೇಲೆ ನೀರು ಹಾರಿಸುತ್ತಿದ್ದರು. ಬಿಸಿಲು ಬೀಳುವ ಮೊದಲೇ ಐಸ್ ತೊಳೆಯಬೇಕಂತೆ. ಒಂದು ಹೂವನ್ನು ಕಿತ್ತು ತೋರಿಸಿದರು. ಹೊರಗಿನ ಬಿಳಿ ಎಸಳು ಚೆನ್ನಾಗಿಯೇ ಇತ್ತು. ನಡುವಿನ ಹಳದಿ ಗುಬುಟು ಮಾತ್ರ ಕಪ್ಪಾಗಿತ್ತು. ‘ಇದು ಇನ್ನು ಹಣ್ಣಾಗುವುದಿಲ್ಲ. ನಿಮಗೆ ಫೋಟೊ, ನಮಗೆ ಹೋದ ಬೆಳೆ’ ಅಂದರು. ಕೋಪವಿರಲಿಲ್ಲ, ಲೆಕ್ಕ ಹೇಳಿದ ಹಾಗಿತ್ತು. ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಈ ಗುಡ್ಡದ್ದೇ. 2010ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಹೆಸರೇನೋ ಬಂತು, ಚಳಿಯ ರಾತ್ರಿ ನಿದ್ದೆ ಬರುವುದಿಲ್ಲ ಅಂದರು.

ಅವರು ಇನ್ನೂ ನೀರು ಹಾಕದ ಸಾಲಿನಲ್ಲಿ ಅಕ್ಕ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕೂಗಿದಳು. ಸ್ಟ್ರಾಬೆರಿ ಎಲೆಯ ಅಂಚು ಗರಗಸದ ಹಾಗೆ ಇರುತ್ತದಲ್ಲ. ರಾತ್ರಿ ಗಿಡ ತಾನೇ ಆ ಹಲ್ಲುಗಳ ತುದಿಯಿಂದ ನೀರನ್ನು ಹೊರಗೆ ದೂಡುತ್ತದೆ. ಪ್ರತಿ ಹಲ್ಲಿಗೂ ಒಂದು ಹನಿ. ಆ ಹನಿಗಳೆಲ್ಲ ಇದ್ದ ಹಾಗೇ ಗಟ್ಟಿಯಾಗಿದ್ದವು. ಎಲೆಯ ಮೇಲಿನ ರೋಮಗಳಿಗೆ ಬಿಳಿ ಪುಡಿ, ಅಂಚಿಗೆ ಮಾತ್ರ ಸ್ವಚ್ಛ ಗಾಜು. ಒಂದು ಹನಿ ತುಸು ಉದ್ದಕ್ಕೆ ಇಳಿದು ನಿಂತಿತ್ತು. ಅಕ್ಕಿಕಾಳಿನ ಅರ್ಧದಷ್ಟು. ‘ಇದು ಕೋಲು ಹೌದೋ ಅಲ್ಲೋ ಹೇಳು’ ಅಂದಳು. ಹೌದು ಅಂದೆ. ಇಷ್ಟು ದೂರ ಬಂದು, ಬಿಸಿನೀರಿಲ್ಲದೆ ಎದ್ದು, ಜಾರಿ ಬಿದ್ದವಳ ಹತ್ತಿರ ಇನ್ನೇನು ಹೇಳುವುದು?

ಎಂಟೂವರೆಗೆ ಎಲ್ಲ ಒದ್ದೆ ಹುಲ್ಲು. ಆಗ ಬಂದ ಬಸ್ಸಿನ ಜನ ‘ಎಲ್ಲಿದೆ ಐಸ್?’ ಅಂತ ಕೇಳುತ್ತಿದ್ದರು. ನಾವು ಜೋಳದ ಪ್ಯಾಟಿಸ್ ತಿಂದು, ಚಹಾ ಕುಡಿದು, ರೂಮಿಗೆ ಬಂದು ಮಧ್ಯಾಹ್ನದವರೆಗೆ ಮಲಗಿದೆವು. ಸಂಜೆಯ ಪಾಯಿಂಟುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಆರ್ಥರ್ಸ್ ಸೀಟಿನಲ್ಲಿ ಕೋತಿಯೊಂದು ಅಕ್ಕನ ಸ್ಟ್ರಾಬೆರಿ ಡಬ್ಬಿ ಕಿತ್ತುಕೊಂಡು ಹೋಯಿತು. ಹಣ್ಣನ್ನೆಲ್ಲ ಬಿಟ್ಟು ಮೊದಲು ಕ್ರೀಮ್ ನೆಕ್ಕಿತು.

ಭಾನುವಾರ, ವಾಪಸು

ಹಳೆ ಮಹಾಬಳೇಶ್ವರದ ಪಂಚಗಂಗಾ ಗುಡಿಗೆ ಬೆಳಿಗ್ಗೆಯೇ ಹೋಗಿ ಬಂದೆವು. ಐದು ನದಿಗಳ ಮೂಲ ಅನ್ನುತ್ತಾರೆ, ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ. ಕಲ್ಲಿನ ಗೋಮುಖದಿಂದ ನೀರು ಬೀಳುತ್ತದೆ. ಅಕ್ಕ ಒಂದು ಬಾಟಲಿ ತುಂಬಿಕೊಂಡು, ಊರಿನ ಸೋದರತ್ತೆಗೆ ಕಳಿಸುತ್ತೇನೆ ಅಂದಳು. ಅವರ ಮನೆಯ ನಲ್ಲಿಗೆ ಬರುವುದೂ ಇದೇ ಕೃಷ್ಣೆ ಅಂದರೆ ಕೇಳುತ್ತಾಳಾ?

ಭಾನುವಾರ ಮಧ್ಯಾಹ್ನ ಮೂರರ ಮೇಲೆ ಪಸರಣಿ ಇಳಿಯಲೇಬಾರದು. ಇಡೀ ಪುಣೆ ಅಲ್ಲೇ ಇರುತ್ತದೆ. ನಾವು ಹನ್ನೊಂದಕ್ಕೇ ಇಳಿದು, ವಾಯಿ ದಾಟಿ ಒಂದು ಧಾಬಾದಲ್ಲಿ ಪಿಠಲೆ ಭಾಕರಿ ತಿಂದೆವು. ಭಾಕರಿ ತಟ್ಟುತ್ತಿದ್ದವರು ಭೋಗಿ ಹಬ್ಬಕ್ಕೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಮಾಡಿದ್ದರು. ಕೇಳಿದ್ದಕ್ಕೆ ಎರಡು ಕೊಟ್ಟರು, ಬೆಣ್ಣೆ ಧಾರಾಳವಾಗಿತ್ತು.

ಹೆದ್ದಾರಿಗೆ ಬಂದ ಮೇಲೆ ಅಕ್ಕ ಮಾಟುಂಗಾದ ಗೆಳತಿಗೆ ಫೋನ್ ಹಚ್ಚಿದಳು. ನಾನು ಗಾಡಿ ಓಡಿಸುತ್ತಾ ಕೇಳುತ್ತಿದ್ದೆ. ‘ಏ, ಪೂರ್ತಿ ಕೆರಿ ಬೆಳ್ಳಗ! ಹಲಗಿ ಮ್ಯಾಲ ಎರಡಿಂಚು ಐಸು. ಹೂಂ, ಕೋಲೂ ಇದ್ವು. ಬೊಟ್ಟಿನಷ್ಟು ಇದ್ವು ನೋಡು.’ ನಾನು ತಿರುಗಿ ನೋಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಅಷ್ಟರಲ್ಲಿ ಖಂಬಾಟ್ಕಿಯ ಸುರಂಗ ಬಂತು, ಫೋನ್ ಕಟ್ಟಾಯಿತು. ಸುರಂಗ ದಾಟಿದ ತಕ್ಷಣ ಮತ್ತೆ ಹಚ್ಚಿ, ಸ್ಟ್ರಾಬೆರಿ ಕಿಲೋಗೆ ಎಷ್ಟು ಕೊಟ್ಟೆವು ಅಂತ ಹೇಳಿದಳು. ನಾವು ಕೊಟ್ಟದ್ದರ ಅರ್ಧ.